ಗುಡ್ಡ ಹತ್ತಿದ ಗಾಡಿ

ಬಾದಾಮಿ
೨೨ ಆಗಸ್ಟ್ ೨೦೨೫

ಪ್ರೀತಿಯ ತಬಸುಮ,

ಹೇಗಿದ್ದೀಯ? ಮಗ್ಗದ ಸದ್ದಿನಲ್ಲಿ ಕಿವಿ ಇನ್ನೂ ಉಳಿದಿವೆಯೇ? ಉತ್ತರ ತಡವಾಯಿತು, ಸಿಟ್ಟಾಗಬೇಡ. ಮಳೆ ಹಿಡಿದಾಗಿನಿಂದ ನಮ್ಮ ಸಂಚಾರಿ ಆಸ್ಪತ್ರೆಗೆ ಬಿಡುವಿಲ್ಲ, ಡ್ರೈವರ್ ಆದ ನನಗಂತೂ ಇಲ್ಲವೇ ಇಲ್ಲ.

"ಒಂದ ದವಾಖಾನಿಗೆ ಎರಡು ಪಿಕಪ್ ಯಾಕ?" ಎಂದು ಕೇಳಿದ್ದೆಯಲ್ಲ. ಬಾಬಣ್ಣ ಓಡಿಸುವುದು ಭಾರ ಹೇರುವ ಸಾದಾ ಹೆವಿ ಡ್ಯೂಟಿ ಪಿಕಪ್. ನನ್ನ ಗಂಡ ಧರ್ಮರಾಜ ಬದುಕಿದ್ದಾಗ ಇಳಕಲ್ಲಿನ ಕಲ್ಲು ಹೇರುತ್ತಿದ್ದುದು, ನನಗೆ ಓಡಿಸಲು ಕಲಿಸಿದ್ದು ಅಂಥದ್ದರಲ್ಲೇ. ಬಿರುಸಾದ ಪಟ್ಟಿ ಸ್ಪ್ರಿಂಗು. ಎಷ್ಟು ಹೇರಿದರೂ ಜಗ್ಗುವುದಿಲ್ಲ, ಬರಿದಾದರೆ ಕುಣಿಯುತ್ತದೆ. ನನ್ನದು ದಾರಿಯಿಲ್ಲದ ಕಡೆಗೆಂದೇ ಕಾರ್ಖಾನೆಯಲ್ಲಿ ತಯಾರಾದದ್ದು. ಎತ್ತರದ ಮೈ, ಮೆತ್ತಗಿನ ಸ್ಪ್ರಿಂಗು, ಹೊಟ್ಟೆಯ ಕೆಳಗೆ ದಪ್ಪ ತಗಡು, ಕಲ್ಲು ಕಚ್ಚುವ ಟಯರು. ಗುಂಡಿ ಒತ್ತಿದರೆ ಹಿಂದಿನ ಎರಡೂ ಗಾಲಿ ಜೊತೆಯಾಗಿ ತಿರುಗುತ್ತವೆ. ಒಂದೇ ಗಾಲಿ ಕೆಸರಿನಲ್ಲಿ ಗಿರಗಿರ ಸುತ್ತುತ್ತ ಕೂರುವುದಿಲ್ಲ. ಆದರೆ ಹೊರುವ ಭಾರ ಕಡಿಮೆ. ಅದಕ್ಕೇ ಬಾಬಣ್ಣ, "ಹೇರು ಹೊರಲಾರದ್ದು ಎಂಥಾ ಗಾಡಿ ತಂಗಿ? ಆಟಿಗಿ ಸಾಮಾನ!" ಎಂದು ನಗುತ್ತಿದ್ದ.

ಈ ತಿಂಗಳ ಮೊದಲ ವಾರ, ಮುಂಜಾನೆ, ಮಹಾಕೂಟದ ಹಿಂದಿನ ಗುಡ್ಡದ ಮೇಲಿಂದ ಕರೆ ಬಂತು. ಪದ್ಮವ್ವನೆಂಬಾಕೆಯ ಸೊಸೆಗೆ ಹೆರಿಗೆ ನೋವು, ಕೂಸು ಅಡ್ಡಲಾಗಿದೆ. ಬಾಬಣ್ಣ ಮುಂದೆ ಹೋದ. ಹಳ್ಳದ ದಂಡೆಯಲ್ಲೇ ಅವನ ಗಾಡಿ ಕೆಸರಿನಲ್ಲಿ ಹುಗಿದುಹೋಯಿತು. "ತಂಗಿ, ನೀರು ಭಾಳ ಐತಿ, ಬ್ಯಾಡ" ಎಂದು ಕೂಗಿದ. ನಾನು ಇಳಿದು, ಕೋಲಿನಿಂದ ಆಳ ನೋಡಿದೆ. ಮೊಣಕಾಲಿಗೆ ಬಂತು. ಪಕ್ಕದಲ್ಲಿದ್ದ ನರ್ಸ್ ಸುಲ್ತಾನಾ, "ನೀ ಹೋಗ್ತೇನಿ ಅಂದ್ರ ನಾ ಬರ್ತೇನಿ" ಎಂದರು.

ಹಳ್ಳದ ನಡುವೆ ಒಂದು ಗಾಲಿ ಗಾಳಿಯಲ್ಲಿ ತೇಲಿತು. ಗುಂಡಿ ಒತ್ತಿದೆ. ಗಾಡಿ ಗೊರಕೆ ಹೊಡೆದು, ತಗಡನ್ನು ಬಂಡೆಗೆ ಉಜ್ಜಿಕೊಂಡು ಆಚೆ ಹತ್ತಿತು. ಬರುವಾಗ, ಹಿಂದೆ ಮಲಗಿಸಿದ್ದ ಆ ಸೊಸೆಯ ನರಳಾಟ ಕೇಳುತ್ತ, ಮೊಟ್ಟೆಯ ಬುಟ್ಟಿ ಹೊತ್ತಂತೆ ಗಾಡಿ ಇಳಿಸಿದೆ. ಪದ್ಮವ್ವ ಹಿಂದಿನಿಂದ ನನ್ನ ಹೆಗಲು ಹಿಡಿದು, "ಯವ್ವಾ, ನೀನ ನಮ್ಮ ದೇವರು" ಎನ್ನುತ್ತಲೇ ಇದ್ದಳು. ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಆಯಿತು. ಗಂಡು ಕೂಸು. ತಾಯಿಯೂ ಉಳಿದಳು.

ಬಾಬಣ್ಣ ಮರುದಿನ ಎಲ್ಲರೆದುರು ಹೇಳಿದ: "ಗಾಡಿ ಚಲೋ ಐತಿ ಖರೆ. ಆದ್ರ ನಮ್ಮ ಶೈಲಶ್ರೀ ಕೈ ಅದಕ್ಕಿಂತ ಚಲೋ." ತಬಸುಮ, ಅವತ್ತು ನನ್ನ ಎದೆ ಹಿಗ್ಗಿದ್ದನ್ನು ನೀನು ನೋಡಬೇಕಿತ್ತು! ಧರ್ಮರಾಜ ಇರಬೇಕಿತ್ತು.

ನಿಮ್ಮ ಮನೆಯ ಅಲೀಮಾ ಅಮ್ಮನ ಮೊಣಕಾಲಿಗೆ ಆರಾಮವಾಗಲಿ. ನಿನ್ನ ಮಗ್ಗ ನಿಲ್ಲದಿರಲಿ.

ನಿನ್ನ
ಶೈಲಶ್ರೀ

ತಾ.ಕ.: ನಿನ್ನೆ ಆ ಕೂಸಿನ ತೊಟ್ಟಿಲ ಕಾರ್ಯ. ಬಾಬಣ್ಣನನ್ನೂ ಸುಲ್ತಾನಾರನ್ನೂ ಕರೆದರು, ನನ್ನನ್ನು ಕರೆಯಲಿಲ್ಲ. ಬಾಬಣ್ಣ ಕೇಳಿದ್ದಕ್ಕೆ ಪದ್ಮವ್ವ, "ಆಕಿ ಉಪಕಾರ ಸಾಯೂತನಕ ಮರಿಯೂದಿಲ್ರಿ. ಆದ್ರ ಚೊಚ್ಚಿಲ ಕೂಸು. ಗಂಡ ಇಲ್ಲದಾಕಿ ಕೈ ತೊಟ್ಟಿಲಕ್ಕ ಹತ್ತಬಾರ್ದು" ಎಂದಳಂತೆ. ಅವನು ಉಣ್ಣದೆ ಎದ್ದು ಬಂದ. ನೀನು ನೇಯ್ದು ಕಳಿಸಿದ ಇಳಕಲ್ ಸೀರೆಯ ತುಂಡಿನಲ್ಲಿ ಕೂಸಿಗೊಂದು ಕುಲಾವಿ ಹೊಲಿದಿದ್ದೆ. ಇವತ್ತು ಸುಲ್ತಾನಾ ಬಾಣಂತಿಯನ್ನು ನೋಡಲು ಹೊರಟಾಗ ಅವರ ಕೈಗೆ ಕೊಟ್ಟೆ. ಯಾರು ಹೊಲಿದದ್ದೆಂದು ಹೇಳಬೇಡಿ ಎಂದೆ.