ದುರ್ಬೀನು ಕೂರದ ರೈಫಲ್ಲು

೧೭ ನವೆಂಬರ್ ೨೦೨೪, ಭಾನುವಾರ, ಗಂಗಾವತಿ

ಸೋತೆ. ಎಡ ಮೊಣಕೈ ಇನ್ನೂ ನೋಯುತ್ತಿದೆ.

ನನ್ನ ಬೋಲ್ಟ್ ರೈಫಲ್ಲು ಅಗ್ಗದ್ದಾದರೂ ನಳಿಗೆ ಚೆನ್ನಾಗಿದೆ. ಆದರೆ ಬರಿಗಣ್ಣಿನಲ್ಲಿ ಗುರಿ ಹಿಡಿಯಲು ಅದರ ಮೇಲೆ ಮುಳ್ಳು ಇಲ್ಲ, ದುರ್ಬೀನೇ ಬೇಕು. ಅದನ್ನು ಕೂರಿಸಲು ಮೇಲೆ ಸಣ್ಣ ಕಚ್ಚು ಕೊರೆದಿದ್ದಾರೆ. ದುರ್ಬೀನನ್ನು ಬಿಗಿಯಲು ನಾನು ತರಿಸಿದ ಹಿಡಿಕೆಗಳು ಅಗಲ ಪಟ್ಟಿಗೆ ಕೂರುವಂಥವು, ಈ ಕಚ್ಚಿಗಲ್ಲ. ಗೊತ್ತಾದದ್ದು ಸ್ಪರ್ಧೆಯ ಮೈದಾನದಲ್ಲಿ.

ಜಿಲ್ಲಾ ತಂಡದಲ್ಲಿ ಉಳಿದದ್ದು ಒಂದೇ ಜಾಗ. ಅದಕ್ಕೆ ನಾನು ಮತ್ತು ಸುಮಂಗಲಾ ಇಬ್ಬರೇ.

"ನಿನ್ನ ಹೆಸರು ತೆಗೀಲೇನವ್ವಾ?" ಎಂದರು ಕೋಚ್ ಗವಿಸಿದ್ದಪ್ಪ.

ಸುಮಂಗಲಾ ಆಗಲೇ ತನ್ನ ರೈಫಲ್ಲಿನ ದುರ್ಬೀನಿನ ತಿರುಪು ಬಿಚ್ಚುತ್ತಿದ್ದಳು. "ತಡೀರಿ ಸರ್. ನನ್ನ ಹಿಡಿಕಿ ಅಕಿ ರೈಫಲ್ಲಿಗೆ ಕೂಡ್ತಾವ."

"ಮತ್ತ ನೀನು?" ಎಂದೆ.

"ನಂದಕ್ಕ ಮುಳ್ಳು ಐತಿ, ಹೊಡೀತೀನಿ. ನಾ ಒಬ್ಬಾಕಿನೇ ಹೊಡದು ಗೆದ್ರ ಮಂದಿ ನಗ್ತಾರ."

ದುರ್ಬೀನು ಕೂರಿಸಿ, ಪರೀಕ್ಷೆಯ ಗುಂಡುಗಳಲ್ಲಿ ಗುರಿ ಸರಿಮಾಡಿಕೊಂಡೆ. ನಾನು ಮೊದಲು ಹೊಡೆದೆ, ಆಮೇಲೆ ಅವಳು. ಒಂದೇ ಅಂಕದಿಂದ ಗೆದ್ದಳು.

ಬೇಸರವಿದೆ, ಸುಳ್ಳೇಕೆ. ಸಿಟ್ಟು ಮಾತ್ರ ಬರುತ್ತಿಲ್ಲ. ಕಡೆಯ ಗುಂಡಿಗೆ ಅವಳು ಉಸಿರು ಬಿಗಿಹಿಡಿದಾಗ ಹಿಂದೆ ನಿಂತಿದ್ದ ನಾನೂ ಹಿಡಿದಿದ್ದೆ. ಅದು ತಪ್ಪಲಿ ಎಂದು ಅಲ್ಲ.