ಬಲಗಡೆ ಖಾಲಿಯಿತ್ತು

ಪ್ರೀತಿಯ ಹೆನ್ನಿಂಗ್,

ನಿನ್ನ ಕಾರ್ಡು ಮಂಗಳವಾರ ಬಂತು. ಓದಿದ ಕೂಡಲೇ ನಾನೇನು ಮಾಡಿದೆ ಎಂದು ಹೇಳಿಬಿಡುತ್ತೇನೆ: ಕೈಯಲ್ಲಿದ್ದ ಕಾಫಿ ಬಟ್ಟಲನ್ನು ಗೋಡೆಗೆ ಬೀಸಿದೆ. ವಯಸ್ಸು ಐವತ್ತಾರಾದರೂ ಈ ಕೈಗೆ ಬುದ್ಧಿ ಬಂದಿಲ್ಲ. ಆಮೇಲೆ ಚೂರುಗಳನ್ನು ಆಯುತ್ತ ನೆಲದ ಮೇಲೆ ಕುಳಿತು ಇನ್ನೊಮ್ಮೆ ಓದಿದೆ. ಮೂವತ್ತೊಂಬತ್ತು ವರ್ಷಗಳ ಮೇಲೆ ನೀನು ಬರೆದದ್ದು ಮೂರೇ ಸಾಲು. "ಅಪ್ಪ ಹೆಚ್ಚು ದಿನ ಇರಲ್ಲ ಅಂತಾರೆ ಡಾಕ್ಟರು. ಪ್ರತಿ ಭಾನುವಾರ ನನ್ನ ಕೈ ಹಿಡ್ಕೊಂಡು 'ನಾನು ಕೂಗಬಾರದಾಗಿತ್ತು ಕಣೋ' ಅಂತ ಅಳ್ತಾರೆ. ಬಂದು ನಿಜ ಹೇಳ್ತೀಯಾ?"

ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕು.

ಬೊಟ್ರೊಪ್‌ನ ನಮ್ಮ ಟೆನಿಸ್ ಕ್ಲಬ್ಬಿಗೆ ನಿಮ್ಮ ತಂಡ ಆಡಲು ಬಂದಿದ್ದ ಮೇ ತಿಂಗಳ ಆ ಶನಿವಾರ, ನನಗೂ ನಿನಗೂ ಹದಿನೇಳು. ಬೇಲಿಯಾಚೆ ಪ್ರಾಂತ್ಯದ ತಂಡದ ತರಬೇತುದಾರ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಅವನ ಬಳಿ ಉಳಿದಿದ್ದದ್ದು ಒಂದೇ ಜಾಗ. ಬೆಳಿಗ್ಗೆ ನನ್ನ ಅಪ್ಪ ಬೂಟು ಕಟ್ಟಿಕೊಳ್ಳುತ್ತ, "ಸೋತು ಬಂದ್ಯೋ, ಸೋಮವಾರದಿಂದ ನನ್ನ ಜೊತೆ ಗಣಿಗಿಳಿ. ಸಾಕು ಈ ದೊರೆಮಕ್ಕಳ ಆಟ" ಎಂದಿದ್ದ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಗಣಿಗಿಳಿದ ಹುಡುಗರು ಎಷ್ಟೋ ಜನ, ಅವರು ಯಾರ ಕಣ್ಣನ್ನೂ ಕಳೆಯಲಿಲ್ಲ.

ನೀನು ನನಗಿಂತ ಚೆನ್ನಾಗಿ ಆಡುತ್ತಿದ್ದೆ. ನನಗೆ ತಡೆಯಲಾಗದೆ ಹೋದದ್ದು ಅದೇ. ಇನ್ನೆರಡು ಪಾಯಿಂಟ್ ಬಂದರೆ ನೀನು ತಂಡಕ್ಕೆ, ನಾನು ಗಣಿಗೆ. ಆಗ ನಿನ್ನ ಅಪ್ಪ ಬೇಲಿಗೆ ಎರಡೂ ಕೈ ಹಚ್ಚಿ, "ಮುಂದೆ ಹೋಗೋ ಹೆನ್ನಿಂಗ್, ಮುಂದೆ!" ಎಂದು ಕೂಗಿದರು. ನೀನು ನೆಟ್‌ನತ್ತ ಓಡಿ ಬಂದೆ. ನೀನು ಹೊಡೆದ ಚೆಂಡು ಮೆತ್ತಗೆ ಪುಟಿದು ನನ್ನ ಎದೆಯ ಮಟ್ಟಕ್ಕೆ ಬಂತು. ಬಲಗಡೆ ಅಂಗಳವೆಲ್ಲ ಖಾಲಿ. ಎಂಟು ವರ್ಷದ ಹುಡುಗಿಯೂ ಅಲ್ಲಿಗೆ ತಳ್ಳಿ ಪಾಯಿಂಟ್ ತೆಗೆಯಬಹುದಿತ್ತು. ನಾನು ಆ ಕಡೆ ನೋಡಿದೆ, ಹೆನ್ನಿಂಗ್. ನೋಡಿದೆ. ಆಮೇಲೆ ನಿನ್ನ ಮುಖ ನೋಡಿದೆ. ಮೈಯಲ್ಲಿದ್ದ ಕಸುವನ್ನೆಲ್ಲ ಒಟ್ಟುಮಾಡಿ ಆ ಮುಖಕ್ಕೇ ಹೊಡೆದೆ.

ಹಸಿ ಗೋಡೆಗೆ ಮಣ್ಣಿನ ಮುದ್ದೆ ಎಸೆದಂಥ ಸದ್ದಾಯಿತು. ನೀನು ಮೊಣಕಾಲೂರಿ ಬಿದ್ದೆ. ಬೆರಳ ಸಂದಿನಿಂದ ರಕ್ತ ಇಳಿದು ಅಂಗಳಕ್ಕೆ ಹಾಸಿದ್ದ ಇಟ್ಟಿಗೆ ಪುಡಿಯ ಮೇಲೆ ಬಿತ್ತು. ಕೆಂಪಿನ ಮೇಲೆ ಕೆಂಪು, ಅದು ಎಷ್ಟು ಸುರಿಯಿತೆಂದು ದೂರದಲ್ಲಿದ್ದವರಿಗೆ ಗೊತ್ತಾಗಲೇ ಇಲ್ಲ. ನಾನು ಕೈ ಎತ್ತಿದೆ. ಚೆಂಡು ಎದುರಾಳಿಯ ಮೈಗೆ ತಾಗಿದರೆ ಬೇಕೆಂದು ಹೊಡೆದದ್ದಲ್ಲ ಎಂದು ಕೈ ಎತ್ತುತ್ತೇವಲ್ಲ, ಹಾಗೆ. ನೀನು ಒಂದು ಕೈಯಲ್ಲಿ ಕಣ್ಣು ಮುಚ್ಚಿಕೊಂಡೇ ಇನ್ನೊಂದನ್ನು ಎತ್ತಿ ತೋರಿಸಿದೆ. ಪರವಾಗಿಲ್ಲ ಎಂದು! ಅಂಪೈರು ಪಾಯಿಂಟನ್ನು ನನಗೆ ಕೊಟ್ಟ. ನೀನು ಮತ್ತೆ ಆಡಲಾರದೆ ಪಂದ್ಯವೂ ತಂಡದ ಆ ಜಾಗವೂ ನನಗೇ ಬಂದವು.

ಆಂಬುಲೆನ್ಸಿನಲ್ಲಿ ನಿನ್ನ ಜೊತೆ ಅಮ್ಮ ಹೋದರು. ನಿಮ್ಮ ತಂಡದ ಹುಡುಗರನ್ನು ಕಾರಿನಲ್ಲಿ ಮನೆ ಮುಟ್ಟಿಸಬೇಕಿದ್ದುದರಿಂದ ನಿನ್ನ ಅಪ್ಪ ಉಳಿದರು. ಆಟ ಮುಗಿದ ಮೇಲೆ ಬಂದ ತಂಡಕ್ಕೆ ಊಟ ಹಾಕದೆ ಕಳಿಸುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಎರಡೂ ತಂಡ ಒಂದೇ ಮೇಜಿಗೆ ಕುಳಿತೆವು. ನಿನ್ನ ತಟ್ಟೆಯನ್ನೂ ಇಟ್ಟುಬಿಟ್ಟಿದ್ದರು, ಯಾರಿಗೂ ಎತ್ತುವ ಧೈರ್ಯವಾಗಲಿಲ್ಲ. ನಿನ್ನ ಅಪ್ಪ ನನ್ನೆದುರು ಕುಳಿತು ನನ್ನ ತಟ್ಟೆಗೆ ಆಲೂಗಡ್ಡೆ ಸಲಾಡ್ ಬಡಿಸಿದರು. "ತಿನ್ನು ಮಗಾ, ಮನಸ್ಸಿಗೆ ಹಚ್ಕೋಬೇಡ. ಮುಂದೆ ಹೋಗು ಅಂತ ಕೂಗಿದ್ದು ನಾನಲ್ವಾ" ಎಂದರು. ನಾನು ತಿಂದೆ. ಎರಡು ಸಾಸೇಜನ್ನೂ ತಿಂದೆ. ಹಸಿವಾಗಿತ್ತು.

ನಾಲ್ಕನೆಯ ದಿನ ನಾನು ಆಸ್ಪತ್ರೆಗೆ ಬಂದಾಗ ನೀನು ಪಟ್ಟಿಯೊಳಗಿಂದ ಮೆಲ್ಲನೆ, "ಬಲಗಡೆ ಖಾಲಿ ಇತ್ತಲ್ಲೋ ಲೋಥಾರ್" ಎಂದೆ. ನಾನು, "ಬಿಸಿಲು ಕಣ್ಣಿಗೆ ಹೊಡೀತಿತ್ತು ಕಣೋ" ಎಂದೆ. ಆಟದ ದಿನ ಬೆಳಿಗ್ಗೆಯಿಂದ ಮೋಡ ಕವಿದಿತ್ತು. ನಿನಗೂ ಗೊತ್ತಿತ್ತು. ನೀನು ಗೋಡೆಯತ್ತ ತಿರುಗಿ ಮಲಗಿದೆ. ಆಮೇಲೆ ಯಾರಿಗೂ ಒಂದು ಮಾತು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಮಾರಾಯ? ಹೇಳಿದ್ದರೆ ನನ್ನ ಆಟ ಅವತ್ತೇ ಮುಗಿದಿರುತ್ತಿತ್ತು.

ಮುಗಿಯಲಿಲ್ಲ. ಹದಿಮೂರು ವರ್ಷ ಆಡಿದೆ. ಪತ್ರಿಕೆಯವರು ಸುತ್ತಿಗೆ ಎಂದು ಹೆಸರಿಟ್ಟರು. ರೋಮಿನಲ್ಲಿ ಒಬ್ಬನ ಗಂಟಲಿಗೆ ಹೊಡೆದೆ, ಹ್ಯಾಂಬರ್ಗಿನಲ್ಲಿ ಒಬ್ಬನ ಪಕ್ಕೆಲುಬಿಗೆ. ಪ್ರತಿ ಸಲವೂ ಕೈ ಎತ್ತಿದೆ, ಪ್ರತಿ ಸಲವೂ ಜನ ಚಪ್ಪಾಳೆ ತಟ್ಟಿದರು. ಮುರಿದ ರಾಕೆಟ್‌ಗಳಿಗೆ ಲೆಕ್ಕವಿಲ್ಲ. ಸೋತ ದಿನ ಬಟ್ಟೆ ಬದಲಿಸುವ ಕೋಣೆಯ ಕಬ್ಬಿಣದ ಬಾಗಿಲಿಗೆ ಗುದ್ದಿ ಇದೇ ಕೈಯ ಎರಡು ಮೂಳೆ ಮುರಿದುಕೊಂಡೆ. ಭುಜಕ್ಕೆ ಸೂಜಿ ಚುಚ್ಚಿಸಿಕೊಂಡು ಆಡಿದೆ, ಕೊನೆಗೆ ಬಾಚಣಿಗೆ ಎತ್ತಲೂ ಆಗದೆ ನಿಲ್ಲಿಸಿದೆ. ಬೀಳ್ಕೊಡುಗೆಯ ದಿನ ಯಾರೋ ನಿನ್ನ ಬಗ್ಗೆ ಕೇಳಿದರು. "ದುರದೃಷ್ಟ" ಎಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು. ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ, ಹೆನ್ನಿಂಗ್.

ಆದರೆ ನನ್ನ ಸುಳ್ಳನ್ನು ನಿನ್ನ ಅಪ್ಪ ಇಷ್ಟು ವರ್ಷ ಹೊತ್ತಿದ್ದಾರೆಂದು ನನಗೆ ನಿಜಕ್ಕೂ ತಿಳಿದಿರಲಿಲ್ಲ. ಮಗನ ಕಣ್ಣು ತಾನೇ ಕಳೆದೆ ಎಂದುಕೊಂಡು ಅವರು ಸಾಯಬಾರದು.

ಶನಿವಾರ ಹನ್ನೊಂದರ ರೈಲಿಗೆ ಬರುತ್ತೇನೆ. ಅವರೆದುರು ಕುರ್ಚಿ ಹಾಕಿಕೊಂಡು ಕುಳಿತು, ನೀವು ಕೂಗಿದ್ದರಿಂದಲ್ಲ, ನಾನು ಗುರಿಯಿಟ್ಟು ಹೊಡೆದೆ ಎಂದು ಹೇಳುತ್ತೇನೆ. ಅವರಿಗೆ ಹೊಡೆಯುವಷ್ಟು ಶಕ್ತಿಯಿದ್ದರೆ ಹೊಡೆಯಲಿ, ನೀನು ತಡೆಯಬೇಡ. ಇನ್ನೊಂದು ಮಾತು. ಬಾಗಿಲಲ್ಲಿ ನಿನ್ನನ್ನು ಕಂಡು ಅಭ್ಯಾಸಬಲದಿಂದ ನನ್ನ ಕೈ ಮೇಲೆದ್ದರೆ, ಈ ಸಲ ನೀನು ನಿನ್ನ ಕೈ ಎತ್ತಬೇಡ.

ಶನಿವಾರದವರೆಗೆ ನಿನ್ನ ಅಪ್ಪನ ಉಸಿರು ಗಟ್ಟಿಯಾಗಿರಲಿ.

ನಿನ್ನ ಕ್ಷಮೆಗೆ ಕಾಯದ,
ಲೋಥಾರ್