ಉಕ್ಕಿದ ಹಾಲು, ಮುಚ್ಚಿದ ಕಣ್ಣು

ಜೂನ್ ೯, ಸೋಮವಾರ

ಒಲೆ ಉಜ್ಜಿ ಉಜ್ಜಿ ಕೈ ಬಿದ್ದುಹೋಗಿದೆ. ಧ್ಯಾನಕ್ಕೆ ಕುಳಿತವರನ್ನು ಯಾರೂ ಮಾತಾಡಿಸಬಾರದೆಂದು ಮನೆಯಲ್ಲಿ ನಿಯಮ ಮಾಡಿದ್ದು ನಾನೇ. ಬೆಳಗ್ಗೆ ಅಷ್ಟು ಹೊತ್ತಾದರೂ ಕೆಲಸ ತಪ್ಪುತ್ತದಲ್ಲ! ಅತ್ತೆಗೆ ಗುಟ್ಟು ಗೊತ್ತಾಗಿಬಿಟ್ಟಿದೆ. ಇವತ್ತು ಒಲೆಯ ಮೇಲೆ ಹಾಲಿಟ್ಟವರೇ ಬಂದು ನನ್ನೆದುರು ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದರು.

ಹಾಲು ಉಕ್ಕಿದ ಸದ್ದು ಕೇಳಿತು. ನಾನು ಏಳಲಿಲ್ಲ, ಅವರೂ ಏಳಲಿಲ್ಲ. ಸೀದ ವಾಸನೆ ಬಂದರೂ ಇಬ್ಬರೂ ಕಲ್ಲಿನಂತೆ ಕುಳಿತೆವು. ಕೊನೆಗೆ ನಮ್ಮ ಯಜಮಾನರು ಬಾಯಿ ತುಂಬ ಪೇಸ್ಟಿನ ನೊರೆಯೊಂದಿಗೆ ಓಡಿಬಂದು ಒಲೆ ಆರಿಸಿದರು. "ಮನೇಲಿ ಯಾರೂ ಇಲ್ವಾ?" ಎಂದು ಕೂಗಿದರು. ನಾನು ಒಂದು ಕಣ್ಣು ಚೂರೇ ಚೂರು ತೆರೆದೆ.

"ನೀನೇ ಮೊದ್ಲು ಕಣ್ಣು ಬಿಟ್ಟಿದ್ದು, ನಾನೇ ನೋಡ್ದೆ. ಒಲೆ ನೀನೇ ಉಜ್ಜಮ್ಮ," ಎಂದರು ಅತ್ತೆ.

ಸೋತೆನೆಂದು ತೆಪ್ಪಗೆ ಉಜ್ಜಿದೆ. ಈಗ ಬರೆಯುವಾಗ ಹೊಳೆಯುತ್ತಿದೆ, ಕಣ್ಣು ಮುಚ್ಚಿದ್ದ ಅತ್ತೆ ಅದನ್ನು ನೋಡಿದ್ದಾದರೂ ಹೇಗೆ?